ಕೂಲೆಂಟ್ 97 ಡಿಗ್ರಿ ತೋರಿಸ್ತಿದೆ, ಗಾಡಿ ನಿಲ್ಲಿಸಬೇಕಾ? ಸಣ್ಣ ಕಾರಿನ ಇಂಜಿನ್ ಬಿಸಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಶಿವರಾತ್ರಿ ಮುಗಿದರೆ ಸಾಕು, ನನಗೆ ಈ ಪ್ರಶ್ನೆಗಳು ಶುರುವಾಗುತ್ತವೆ. ಪಕ್ಕದ ಮನೆಯವರು ಕೇಳುತ್ತಾರೆ, ಆಫೀಸಿನವರು ಕೇಳುತ್ತಾರೆ, ಬೆಣ್ಣೆ ದೋಸೆ ತಿನ್ನೋಕೆ ಹೋದಾಗ ಎದುರು ಕೂತವರೂ ಕೇಳುತ್ತಾರೆ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಒಂದು ಕಾರಿನ ಇಂಜಿನ್ ಹೆಡ್ (ಇಂಜಿನ್‌ನ ಮೇಲಿನ ಭಾಗ) ಹಾಳು ಮಾಡಿಕೊಂಡವನು. ಆಮೇಲೆ ತಗೊಂಡ ಕಾರಿನಲ್ಲಿ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಬಿಸಿಯನ್ನು ದಿನಾ ನೋಡುವುದು ಒಂಥರಾ ಚಟವೇ ಆಗಿದೆ. ಇಲ್ಲಿ ಬರೆದಿರುವುದು ಹೆಚ್ಚಾಗಿ ಸಣ್ಣ ಪೆಟ್ರೋಲ್ ಕಾರುಗಳಿಗೆ ಸೇರಿದ್ದು.

ಸರಿ, ನಾರ್ಮಲ್ ಅಂದ್ರೆ ಎಷ್ಟು ಡಿಗ್ರಿ? ಒಂದೇ ಮಾತಲ್ಲಿ ಹೇಳಿ.

ಸುಮಾರು 85ರಿಂದ 105 ಡಿಗ್ರಿ ಸೆಲ್ಸಿಯಸ್.

ಒಂದೇ ಮಾತಲ್ಲಿ ಹೇಳಿದ್ದಾಯಿತು, ಆದರೆ ಅಷ್ಟಕ್ಕೇ ಮುಗಿಯಲ್ಲ. ನನ್ನ ಕಾರನ್ನೇ ನೋಡಿ. ಹೈವೇಯಲ್ಲಿ 80ರ ವೇಗದಲ್ಲಿ ಹೋಗುವಾಗ 88ರಿಂದ 91ರ ನಡುವೆ ಇರುತ್ತದೆ. ಅದೇ ಕಾರು ಪಿ.ಬಿ. ರಸ್ತೆಯ ಸಿಗ್ನಲ್‌ನಲ್ಲಿ ನಿಂತರೆ 93, 94, 95 ಅಂತ ಒಂದೊಂದೇ ಏರುತ್ತದೆ. 97 ಆಯಿತು ಅನ್ನುವಷ್ಟರಲ್ಲಿ ಬಾನೆಟ್ ಒಳಗೆ 'ಗುಂಯ್' ಅಂತ ಫ್ಯಾನ್ ಶುರು. ಒಂದು ನಿಮಿಷದಲ್ಲಿ 92ಕ್ಕೆ ಇಳಿಯುತ್ತದೆ, ಫ್ಯಾನ್ ನಿಲ್ಲುತ್ತದೆ. ಮತ್ತೆ ಏರುತ್ತದೆ. ಹೀಗೆ ಏರಿ ಇಳಿಯುವುದೇ ನಾರ್ಮಲ್. ಒಂದೇ ಅಂಕಿಯಲ್ಲಿ ಅಲ್ಲಾಡದೆ ನಿಲ್ಲಬೇಕು ಅಂತ ಏನೂ ಇಲ್ಲ.

ನಿಮ್ಮ ಕಾರಿನ ಫ್ಯಾನ್ 97ಕ್ಕೇ ಶುರುವಾಗಬೇಕಿಲ್ಲ. ಕೆಲವು ಹೊಸ ಇಂಜಿನ್‌ಗಳನ್ನು ಬೇಕೆಂದೇ ಸ್ವಲ್ಪ ಜಾಸ್ತಿ ಬಿಸಿಯಲ್ಲಿ ಓಡುವಂತೆ ಮಾಡಿರುತ್ತಾರೆ. ಅಲ್ಲಿ 103, 104 ನೋಡಿ ಗಾಬರಿ ಬೀಳಬೇಡಿ. ಗಾಡಿ ಚೆನ್ನಾಗಿರುವಾಗಲೇ ಹೈವೇಯಲ್ಲಿ ಎಷ್ಟು, ಸಿಗ್ನಲ್‌ನಲ್ಲಿ ಎಷ್ಟು ಅಂತ ನೋಡಿ ಬರೆದಿಟ್ಟುಕೊಳ್ಳಿ. ದಿನಾ 91 ಇದ್ದ ಕಾರು ಅದೇ ದಾರಿಯಲ್ಲಿ, ಅದೇ ವೇಗದಲ್ಲಿ 100 ತೋರಿಸಿದರೆ ಏನೋ ಆಗಿದೆ ಅಂತ ಅರ್ಥ. ಕೆಂಪು ದೀಪ ಬರೋ ತನಕ ಕಾಯಬೇಡಿ.

110 ದಾಟಿದರೆ ಎಸಿ ಆಫ್ ಮಾಡಿ, ಜಾಗ ನೋಡಿ ನಿಲ್ಲಿಸುವ ಯೋಚನೆ ಮಾಡಿ. 115ರ ಮೇಲೆ ಹೋದರೆ ಯೋಚನೆಯೂ ಬೇಡ, ನಿಲ್ಲಿಸಿ.

ನೀರು 100 ಡಿಗ್ರಿಗೆ ಕುದಿಯುತ್ತೆ ಅಲ್ವಾ? ಮತ್ತೆ 104 ನಾರ್ಮಲ್ ಹೇಗೆ?

ಒಳ್ಳೆ ಪ್ರಶ್ನೆ. ನಿಜ ಹೇಳಬೇಕೆಂದರೆ ನಮ್ಮೂರಲ್ಲಿ ನೀರು 100ಕ್ಕೂ ಕುದಿಯಲ್ಲ, ಅದಕ್ಕಿಂತ ಮೊದಲೇ ಕುದಿಯುತ್ತದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 98ರ ಆಸುಪಾಸು ಕುದಿಯುತ್ತದೆ. ಚಿತ್ರದುರ್ಗ ಇನ್ನೂ ನೂರು ಮೀಟರಿನಷ್ಟು ಎತ್ತರ, ಅಲ್ಲಿ ಇನ್ನೊಂಚೂರು ಕಡಿಮೆ.

ಆದರೆ ಕೂಲೆಂಟ್ ತಣ್ಣಗಾಗುವ ರೇಡಿಯೇಟರ್ ತೆರೆದ ಪಾತ್ರೆ ಅಲ್ಲ, ಅದು ಕುಕ್ಕರ್. ಮುಚ್ಚಳದಲ್ಲಿ ಒಂದು ಸ್ಪ್ರಿಂಗ್, ಒಂದು ರಬ್ಬರ್ ವಾಷರ್ ಇರುತ್ತದೆ. ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಏನೋ ಬರೆದಿರುವುದನ್ನು ನೋಡಿರಬಹುದು. ಅಷ್ಟು ಒತ್ತಡ ಬರುವವರೆಗೆ ಅದು ಹಬೆಯನ್ನು ಹೊರಗೆ ಬಿಡಲ್ಲ. ಒತ್ತಡ ಜಾಸ್ತಿ ಆದಷ್ಟೂ ಕುದಿಯುವ ಬಿಸಿಯೂ ಮೇಲೆ ಹೋಗುತ್ತದೆ. ಜೊತೆಗೆ ಕೂಲೆಂಟ್ ಬರೀ ನೀರಲ್ಲ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಇದ್ದರೆ ಒತ್ತಡವಿಲ್ಲದೆಯೇ ಸುಮಾರು 107 ಡಿಗ್ರಿವರೆಗೆ ಕುದಿಯಲ್ಲ. ಅದಕ್ಕೆ ಮುಚ್ಚಳದ ಒತ್ತಡ ಸೇರಿದರೆ 125ರ ಆಚೆಗೂ ತಡೆಯುತ್ತದೆ.

ಹಾಗಾಗಿ ಮುಚ್ಚಳದ ರಬ್ಬರ್ ಹೋದರೆ ಎಲ್ಲಾ ಹೋಯಿತು. ಒಂದು ಬೇಸಿಗೆಯಲ್ಲಿ ನನ್ನ ಕಾರಿನ ಕೂಲೆಂಟ್ ಡಬ್ಬ ದಿನಾ ಸಂಜೆ ತುಂಬಿ ತುಳುಕುತ್ತಿತ್ತು, ಬೆಳಿಗ್ಗೆ ನೋಡಿದರೆ ರೇಡಿಯೇಟರ್‌ನಲ್ಲಿ ಕಡಿಮೆ. ನೀರಿನ ಪಂಪ್ ಬದಲಿಸಿ ಅಂದರು ಒಬ್ಬರು, ರೇಡಿಯೇಟರೇ ಬದಲಿಸಿ ಅಂದರು ಇನ್ನೊಬ್ಬರು. ಕೊನೆಗೆ ನೋಡಿದರೆ ಮುಚ್ಚಳದ ವಾಷರ್ ಗಟ್ಟಿಯಾಗಿ ಸೀಳಿತ್ತು. ಕುಕ್ಕರ್ ಗ್ಯಾಸ್ಕೆಟ್ ಸೀಳಿದ್ದರೆ ನಮ್ಮಮ್ಮ ಒಂದೇ ಸೀಟಿಗೆ ಹೇಳಿಬಿಡುತ್ತಿದ್ದಳು. ಅದನ್ನು ಕಂಡುಹಿಡಿಯೋಕೆ ನನಗೆ ಮೂರು ವಾರ ಬೇಕಾಯಿತು.

ನನ್ನ ಕಾರಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ. ಏನು ನೋಡೋದು?

ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳು ಕೊಡುವುದಿಲ್ಲ. ಎರಡು ದೀಪ ಇರುತ್ತವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ದೀಪ: ಇಂಜಿನ್ ಇನ್ನೂ ತಣ್ಣಗಿದೆ, ಜೋರಾಗಿ ಎಳೆಯಬೇಡಿ ಅಂತ. ಸ್ವಲ್ಪ ದೂರ ಹೋದ ಮೇಲೆ ತಾನೇ ಆರುತ್ತದೆ. ಕೆಂಪು ದೀಪ ಬಂದರೆ ಬಿಸಿ ಮಿತಿ ಮೀರಿದೆ ಅಂತ.

ಇದರಲ್ಲಿ ನನಗೊಂದು ಸಿಟ್ಟಿದೆ. ನೀಲಿ ಆರಿದ ಮೇಲೆ ಕೆಂಪು ಬರುವವರೆಗೆ ನಡುವೆ ಏನಾಗುತ್ತಿದೆ ಅಂತ ಗೊತ್ತೇ ಆಗಲ್ಲ. ಮುಳ್ಳು ಇರುವ ಕಾರುಗಳೂ ಪೂರ್ತಿ ನಿಜ ಹೇಳಲ್ಲ ಅನ್ನಿ. ಹೆಚ್ಚಿನವುಗಳಲ್ಲಿ ಮುಳ್ಳನ್ನು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. 80 ಇದ್ದರೂ ನಡುವೆ, 100 ಇದ್ದರೂ ನಡುವೆ. ಚಾಲಕ ಸುಮ್ನೆ ತಲೆ ಕೆಡಿಸಿಕೊಳ್ಳದಿರಲಿ ಅಂತ. ಆ ಮುಳ್ಳು ನಡುಗೆರೆ ಬಿಟ್ಟು ಮೇಲೆ ಹೊರಟಿತು ಅಂದರೆ ಆಗಲೇ ತಡವಾಗಿದೆ ಅಂತ ತಿಳಿಯಿರಿ.

ಹಾಗಾದ್ರೆ ಸರಿಯಾದ ಡಿಗ್ರಿ ನೋಡೋಕೆ?

ಓಬಿಡಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್‌ನಲ್ಲಿರುವ ಮಾಹಿತಿ ಓದುವ ಸಾಧನ. ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದು. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚಿ, ಬ್ಲೂಟೂತ್‌ನಲ್ಲಿ ಫೋನ್‌ಗೆ ಸೇರಿಸಿದರೆ ಕೂಲೆಂಟ್ ಬಿಸಿ ಅಂಕಿಯಲ್ಲೇ ಕಾಣುತ್ತದೆ. 2013ರ ಈಚಿನ ಕಾರುಗಳಲ್ಲಿ ಸಾಮಾನ್ಯವಾಗಿ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ. ಆ ಅಂಕಿ ಬರುವುದು ಕೂಲೆಂಟ್‌ನಲ್ಲಿ ಮುಳುಗಿರುವ ಸೆನ್ಸರ್‌ನಿಂದ. ಕೂಲೆಂಟ್ ಎಲ್ಲಾ ಸೋರಿ ಹೋಗಿದ್ದರೆ ಸೆನ್ಸರ್ ಬರೀ ಗಾಳಿಯಲ್ಲಿರುತ್ತದೆ. ಆಗ ಇಂಜಿನ್ ಸುಡುತ್ತಿದ್ದರೂ ಅಂಕಿ ಕಡಿಮೆಯೇ ಕಾಣಬಹುದು. ಸ್ಕ್ಯಾನರ್ ಇದೆ ಅಂತ ಬಾನೆಟ್ ಎತ್ತಿ ಡಬ್ಬ ನೋಡುವುದನ್ನು ಬಿಡಬೇಡಿ. ಮತ್ತೆ, ಗಾಡಿ ಓಡಿಸುತ್ತಾ ಫೋನ್ ನೋಡಬೇಡಿ. ಪಕ್ಕದಲ್ಲಿ ಕೂತವರಿಗೆ ಕೊಡಿ. ನನ್ನ ಮಗಳು ಕ್ರಿಕೆಟ್ ಸ್ಕೋರ್ ಹೇಳಿದ ಹಾಗೆ ಹೇಳುತ್ತಾಳೆ.

ಏಪ್ರಿಲ್‌ನಲ್ಲಿ ಹೊರಗೇ 40 ಡಿಗ್ರಿ. ಇಂಜಿನ್ ಬಿಸಿಯೂ ಅಷ್ಟೇ ಜಾಸ್ತಿ ಆಗಬೇಕಲ್ವಾ?

ಆಗಬಾರದು. ಗಾಡಿ ಸರಿಯಿದ್ದರೆ ಜನವರಿಯ ಬೆಳಗಿನ ಚಳಿಯಲ್ಲೂ ಅದೇ 90, ಏಪ್ರಿಲ್ ಮಧ್ಯಾಹ್ನವೂ ಹೆಚ್ಚುಕಡಿಮೆ ಅದೇ 90. ಬದಲಾಗುವುದು ರೇಡಿಯೇಟರ್ ಪಡುವ ಕಷ್ಟ.

ಒಳಗೆ 90, ಹೊರಗೆ 18 ಇದ್ದರೆ ವ್ಯತ್ಯಾಸ 72. ಹೊರಗೆ 40 ಆದರೆ ಬರೀ 50. ಬಿಸಿ ಹೊರಗೆ ಹೋಗುವುದು ಈ ವ್ಯತ್ಯಾಸದಿಂದಲೇ. ಹಾಗಾಗಿ ಅರ್ಧ ಕಟ್ಟಿಕೊಂಡ ರೇಡಿಯೇಟರ್ ಜನವರಿಯಲ್ಲಿ ಹೇಗೋ ಸಾಗಿಸುತ್ತದೆ, ಏಪ್ರಿಲ್‌ನಲ್ಲಿ ಕೈ ಎತ್ತುತ್ತದೆ. 'ಬಿಸಿಲಿಗೆ ಗಾಡಿ ಹೀಟ್ ಆಗ್ತಿದೆ' ಅಂತ ಬಿಸಿಲನ್ನು ಬೈಯುವವರಿಗೆ ನಾನು ಹೇಳುವುದು ಇಷ್ಟೇ: ಅದೇ ಬಿಸಿಲಲ್ಲಿ ಪಕ್ಕದವರ ಗಾಡಿ ಹೀಟ್ ಆಗ್ತಿಲ್ಲವಲ್ಲ?

ಮೆಕ್ಯಾನಿಕ್ 'ನಮ್ಮೂರ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ, ತೆಗೆದುಬಿಡ್ತೀನಿ' ಅಂತಿದ್ದಾರೆ. ತೆಗೆಸಲಾ?

ಬೇಡ. ದಯವಿಟ್ಟು ಬೇಡ. ಥರ್ಮೋಸ್ಟಾಟ್ ಅಂದರೆ ಕೂಲೆಂಟನ್ನು ರೇಡಿಯೇಟರ್ ಕಡೆ ಬಿಡುವ ಬಾಗಿಲು.

ನನ್ನ ಹಳೇ ಕಾರಿಗೆ ಒಬ್ಬರು ಹೀಗೇ ಮಾಡಿದರು. ನಾನೂ ತಲೆಯಾಡಿಸಿದೆ, ನನ್ನದೂ ತಪ್ಪಿದೆ. ಆಮೇಲೆ ನೀಲಿ ದೀಪ ಆರೋಕೆ ಹದಿನೈದು ನಿಮಿಷ ಬೇಕಾಗುತ್ತಿತ್ತು. ಚಿತ್ರದುರ್ಗದ ಕಡೆ ಹೊರಟರೆ ಹೈವೇಯಲ್ಲಿ 68 ಡಿಗ್ರಿ. ನೋಡೋಕೆ ಏನೋ ಖುಷಿ, ಇಂಜಿನ್ ತಂಪಾಗಿದೆ ಅಂತ. ಮೈಲೇಜ್ ಮಾತ್ರ ಕೆಳಗಿಳಿಯಿತು.

ಯಾಕೆ ಅಂದರೆ, ಇಂಜಿನ್ ಬಿಸಿಯಾಗಿ ಓಡಲೆಂದೇ ಮಾಡಿದ್ದು. ತಣ್ಣಗಿದ್ದರೆ ಪೆಟ್ರೋಲ್ ಸರಿಯಾಗಿ ಆವಿಯಾಗಲ್ಲ. ಕಂಪ್ಯೂಟರ್ 'ಇನ್ನೂ ಬೆಳಗಿನ ಸ್ಟಾರ್ಟ್ ನಡೀತಿದೆ' ಅಂದುಕೊಂಡು ಜಾಸ್ತಿ ಪೆಟ್ರೋಲ್ ಕೊಡುತ್ತದೆ. ಆಯಿಲ್ ಮಂದವಾಗೇ ಇರುತ್ತದೆ. ಆಯಿಲ್‌ಗೆ ಸೇರಿದ ತೇವ ಹಬೆಯಾಗಿ ಹೋಗೋದಿಲ್ಲ, ಅಲ್ಲೇ ಉಳಿದು ಕೆಸರಾಗುತ್ತದೆ. ಸ್ಕ್ಯಾನರ್‌ನಲ್ಲಿ ಪಿ0128 ಅಂತ ಕೋಡ್ ಬಂದರೆ ಅದು ಹೇಳುವುದೂ ಇದನ್ನೇ: ಕೂಲೆಂಟ್ ಬರಬೇಕಾದಷ್ಟು ಬಿಸಿಗೆ ಬರುತ್ತಿಲ್ಲ. ಸಾಮಾನ್ಯವಾಗಿ ಥರ್ಮೋಸ್ಟಾಟ್ ತೆರೆದೇ ಉಳಿದಿರುತ್ತದೆ, ಇಲ್ಲವೇ ಅದನ್ನು ತೆಗೆದೇ ಹಾಕಿರುತ್ತಾರೆ.

ಥರ್ಮೋಸ್ಟಾಟ್ ಅಂದರೆ ದೊಡ್ಡ ಯಂತ್ರವೇನಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಒಂದು ವಾಲ್ವ್. ನಡುವೆ ಮೇಣ ತುಂಬಿದ ಸಣ್ಣ ಹಿತ್ತಾಳೆ ಗುಂಡು. ಬಿಸಿಗೆ ಮೇಣ ಕರಗಿ ಹಿಗ್ಗುತ್ತದೆ, ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ, ಕೂಲೆಂಟ್ ರೇಡಿಯೇಟರ್ ಕಡೆ ಹರಿಯುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಮುಚ್ಚುತ್ತದೆ. ಎಷ್ಟು ಡಿಗ್ರಿಗೆ ತೆರೆಯಬೇಕು ಅಂತ ಸಾಮಾನ್ಯವಾಗಿ ಅದರ ಮೇಲೇ ಒತ್ತಿರುತ್ತದೆ, 82 ಅಥವಾ 88 ಅಂತ.

ಹೊಸದು ಹಾಕುವ ಮೊದಲು ನಾನು ಮನೆಯಲ್ಲೇ ಪರೀಕ್ಷೆ ಮಾಡಿದೆ. ಹಳೇ ಪಾತ್ರೆಯಲ್ಲಿ ನೀರು, ಅದರಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟ ಥರ್ಮೋಸ್ಟಾಟ್. ತಳದಲ್ಲಿ ಸಣ್ಣ ಗುಳ್ಳೆ ಏಳುವಾಗ ಏನೂ ಇಲ್ಲ. ಆಮೇಲೆ ಬಾಗಿಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಂಡಿತು. ನೋಡುತ್ತಿದ್ದಂತೆ ಬೆರಳು ತೂರುವಷ್ಟು ತೆರೆಯಿತು. ಗ್ಯಾಸ್ ಆರಿಸಿದ ಮೇಲೆ ಅಷ್ಟೇ ನಿಧಾನಕ್ಕೆ ಮುಚ್ಚಿಕೊಂಡಿತು. ಹಳೆಯದು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿತ್ತು, ಅದನ್ನೂ ತಂದು ಕುದಿಸಿದೆ. ನೀರು ಮಳ ಮಳ ಕುದಿದರೂ ಅದು ಬಾಯಿ ಬಿಡಲಿಲ್ಲ. ಕಾಯಿಲೆ ಅದರದ್ದೇ. ಬದಲಿಸಿದ್ದರೆ ಮುಗಿದಿತ್ತು, ಕಿತ್ತು ಬಿಸಾಡುವ ಅಗತ್ಯ ಇರಲಿಲ್ಲ.

ಊರೊಳಗೆ ಹೀಟ್ ಆಗುತ್ತೆ, ಹೈವೇಯಲ್ಲಿ ಸರಿಯಿರುತ್ತೆ. ಯಾಕೆ?

ಮೊದಲು ಫ್ಯಾನ್ ನೋಡಿ. ಹೈವೇಯಲ್ಲಿ ಗಾಳಿ ತಾನೇ ನುಗ್ಗುತ್ತದೆ, ಫ್ಯಾನ್ ಬೇಕಾಗುವುದೇ ಅಪರೂಪ. ನಿಂತಾಗ ಫ್ಯಾನೇ ಗತಿ. ಎಸಿ ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಿರುಗಲೇಬೇಕು. ಹಾಕಿ ನೋಡಿ. ತಿರುಗದಿದ್ದರೆ ಫ್ಯೂಸ್, ರಿಲೇ (ಫ್ಯಾನ್‌ಗೆ ಕರೆಂಟ್ ಕೊಡುವ ಸ್ವಿಚ್), ಮೋಟಾರ್, ಇದೇ ಕ್ರಮದಲ್ಲಿ ಪರೀಕ್ಷಿಸಲು ಹೇಳಿ.

ಇದರ ಉಲ್ಟಾ ಆದರೆ, ಅಂದರೆ ಊರೊಳಗೆ ಸರಿ, ಹೈವೇಯಲ್ಲಿ ಏರು ಹತ್ತುವಾಗ ಬಿಸಿ ಏರಿದರೆ, ಫ್ಯಾನ್ ಮೇಲೆ ಅನುಮಾನ ಬೇಡ. ಕೂಲೆಂಟ್ ಸಾಕಷ್ಟು ಹರಿಯುತ್ತಿಲ್ಲ, ಇಲ್ಲವೇ ರೇಡಿಯೇಟರ್ ಕಟ್ಟಿಕೊಂಡಿದೆ.

ರೇಡಿಯೇಟರ್ ಕಟ್ಟಿಕೊಳ್ಳೋದು ಅಂದ್ರೆ ಒಳಗಾ, ಹೊರಗಾ?

ಎರಡೂ. ಒಳಗಿನದು ನೀರಿನಿಂದ, ಅದನ್ನು ಮುಂದೆ ಹೇಳುತ್ತೇನೆ. ಹೊರಗಿನದಕ್ಕೆ ನಮ್ಮ ಜಿಲ್ಲೆಯದ್ದೇ ಒಂದು ಕಾರಣ ಇದೆ: ಮೆಕ್ಕೆಜೋಳ.

ಕೊಯ್ಲಿನ ಹೊತ್ತಿಗೆ ನಮ್ಮ ಕಡೆಯ ಹಳ್ಳಿ ರಸ್ತೆಗಳಲ್ಲಿ ಹೋಗಿದ್ದೀರಲ್ಲ? ಅರ್ಧ ರಸ್ತೆ ಕಾಳು ಒಣಹಾಕಿರುತ್ತಾರೆ. ಮಷಿನ್ ಹಾಕಿದ ಕಡೆಯಂತೂ ತೌಡಿನಂಥ ಕೆಂಪು ಸಿಪ್ಪೆ ಗಾಳಿಯಲ್ಲೆಲ್ಲಾ ಹಾರಾಡುತ್ತಿರುತ್ತದೆ. ಹಗುರ, ತೆಳು, ಉಗುರಿನ ಚೂರಿನಂತೆ. ಮುಂದಿನ ಗ್ರಿಲ್ ದಾಟಿ ಒಳಗೆ ಹೋಗಿ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿನಲ್ಲಿ ಕೂರುತ್ತದೆ. ಹೊರಗಿನಿಂದ ಬಗ್ಗಿ ನೋಡಿದರೆ ಕಂಡೆನ್ಸರ್ ಮಾತ್ರ ಕಾಣುತ್ತದೆ, ಅದು ಫಳಫಳ ಇರುತ್ತದೆ. ಹಿಂದಿನ ರೇಡಿಯೇಟರ್ ಕಂಬಳಿ ಹೊದ್ದಿರುತ್ತದೆ.

ಒಂದು ವರ್ಷ ನವೆಂಬರ್‌ನಲ್ಲಿ ನನ್ನ ಕಾರು ಹೈವೇಯಲ್ಲಿ 91ರ ಬದಲು 99 ತೋರಿಸತೊಡಗಿತು. ಫ್ಯಾನ್ ಬಿಚ್ಚಿ, ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ನೀರು ಬಿಟ್ಟರೆ ಎರಡು ಬೊಗಸೆ ಸಿಪ್ಪೆ, ಒಂದು ಒಣಗಿದ ಚಿಟ್ಟೆ, ಅರ್ಧ ಪ್ಲಾಸ್ಟಿಕ್ ಕವರ್ ಬಂತು. ಮಾರನೇ ದಿನ ಮತ್ತೆ 91. ತೊಳೆಯುವಾಗ ವಾಟರ್ ಸರ್ವಿಸ್‌ನ ಪ್ರೆಷರ್ ಗನ್ ಹತ್ತಿರ ಹಿಡಿಯಲು ಬಿಡಬೇಡಿ. ಆ ಅಲ್ಯೂಮಿನಿಯಂ ಎಲೆಗಳು ಕಾಗದದಷ್ಟು ತೆಳು, ಮಡಚಿಕೊಂಡರೆ ಗಾಳಿಯೇ ಹೋಗಲ್ಲ.

ಬೋರ್ ನೀರು ಹಾಕಬಹುದಾ?

ನಿಮ್ಮ ಮನೆಯ ಹೀಟರ್ ಕಾಯಿಲ್ ನೋಡಿ, ಉತ್ತರ ಅಲ್ಲೇ ಇದೆ. ಆ ಬಿಳಿ ಗಟ್ಟಿ ಪೊರೆ ರೇಡಿಯೇಟರ್ ನಾಳಗಳ ಒಳಗೂ ಕಟ್ಟುತ್ತದೆ. ದಾವಣಗೆರೆ, ಚಿತ್ರದುರ್ಗದ ಕೊಳವೆಬಾವಿಯ ಗಡಸು ನೀರು ಎಂಥದ್ದು ಅಂತ ಬೇರೆ ಹೇಳಬೇಕಾಗಿಲ್ಲ.

ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಯಾವ ನೀರಾದರೂ ಸರಿ, ಹಾಕಿ ಮನೆ ಸೇರಿ. ಮಾಮೂಲಿಗೆ ಕೂಡದು. ಮೊದಲೇ ನೀರು ಬೆರೆಸಿದ ರೆಡಿ ಕೂಲೆಂಟ್ ತಂದರೆ ಹಾಗೇ ಹಾಕಿ, ಅದಕ್ಕೆ ನೀರು ಬೆರೆಸಬೇಡಿ. ಗಟ್ಟಿ ಕೂಲೆಂಟ್ (ನೀರು ಬೆರೆಸದ ಕಾನ್ಸಂಟ್ರೇಟ್) ಆದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿ. 'ನಮ್ಮೂರಲ್ಲಿ ಹಿಮ ಬೀಳುತ್ತಾ, ಕೂಲೆಂಟ್ ಯಾಕೆ' ಅಂತ ಕೇಳುವವರಿದ್ದಾರೆ. ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಕೆಲಸ ಅಷ್ಟೇ. ನಮಗೆ ಬೇಕಾದದ್ದು ತುಕ್ಕು ತಡೆಯುವುದು ಮತ್ತು ಕುದಿಯುವ ಬಿಸಿಯನ್ನು ಮೇಲಕ್ಕೆ ಒಯ್ಯುವುದು. ಹಾಗಂತ ನೀರೇ ಇಲ್ಲದೆ ಬರೀ ಗಟ್ಟಿ ಕೂಲೆಂಟ್ ಸುರಿಯುವುದೂ ತಪ್ಪು. ಬಿಸಿ ಹೊತ್ತೊಯ್ಯುವುದರಲ್ಲಿ ನೀರೇ ಮುಂದು.

ಹಸಿರು, ಗುಲಾಬಿ, ನೀಲಿ: ಯಾವುದು?

ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣ ಕಂಪನಿಯವರು ಹಾಕಿದ್ದು, ಅದಕ್ಕೆ ಒಂದೇ ನಿಯಮ ಇಲ್ಲ. ಕಾರಿನ ಪುಸ್ತಕದಲ್ಲಿ ಹೇಳಿದ್ದನ್ನು ತಗೊಳ್ಳಿ, ಎಷ್ಟು ವರ್ಷಕ್ಕೆ ಬದಲಿಸಬೇಕು ಅನ್ನುವುದೂ ಅಲ್ಲೇ ಇದೆ. ಎರಡು ಬಗೆ ಬೆರೆಸಬೇಡಿ.

ಕೂಲೆಂಟ್ ಎಷ್ಟಿದೆ ಅಂತ ಯಾವಾಗ ನೋಡಬೇಕು?

ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು. ಡಬ್ಬದ ಮೇಲೆ ಎರಡು ಗೆರೆ ಇರುತ್ತವೆ, ಅವುಗಳ ನಡುವೆ ಇದ್ದರೆ ಸಾಕು. ಬಿಸಿಯಾದಾಗ ಮಟ್ಟ ಏರುವುದು ಸಹಜ.

ಬಿಸಿ ಇದ್ದಾಗ ಮುಚ್ಚಳ ಮುಟ್ಟಲೇಬೇಡಿ. ಒಳಗಿರುವುದು 100 ಡಿಗ್ರಿ ದಾಟಿಯೂ ಕುದಿಯದೆ ಒತ್ತಿ ಹಿಡಿದಿಟ್ಟ ದ್ರವ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಹೋಗಿ ಎಲ್ಲಾ ಒಟ್ಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಸುತ್ತಿಕೊಂಡರೆ ಆಗುತ್ತೆ ಅನ್ನುವ ಮಾತು ನಂಬಬೇಡಿ.

ದಾರಿಯಲ್ಲಿ ಕೆಂಪು ದೀಪ ಬಂತು. ಈಗೇನು?

ನನಗೆ ಬಂದದ್ದು ಭರಮಸಾಗರದ ಹತ್ತಿರ, ಮೇ ತಿಂಗಳ ಮಧ್ಯಾಹ್ನ. ಮದುವೆಗೆ ಹೊರಟಿದ್ದೆವು, ಐದು ಜನ, ಎಸಿ ಜೋರು. 'ಇನ್ನೇನು ದುರ್ಗ ಬಂತು, ನಡೀರಿ' ಅಂದರು ಮಾವ. ನಾನೂ ಹೊರಟೆ. ದುರ್ಗ ಬರಲು ಇನ್ನೂ 20 ಕಿಲೋಮೀಟರಿಗಿಂತ ಜಾಸ್ತಿ ಇತ್ತು. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಗಾಡಿ ಎಳೆಯುವುದೇ ನಿಲ್ಲಿಸಿತು. ಕೆಳಗಿನ ಹೋಸ್ ಪೈಪ್ ಕ್ಲಿಪ್ ಸಡಿಲವಾಗಿ ಕೂಲೆಂಟ್ ಎಲ್ಲಾ ರಸ್ತೆಪಾಲಾಗಿತ್ತು. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಯಿತು. ದೀಪ ಬಂದ ಜಾಗದಲ್ಲೇ ನಿಲ್ಲಿಸಿದ್ದರೆ ಒಂದು ಕ್ಲಿಪ್, ನಾಲ್ಕು ಲೀಟರ್ ಕೂಲೆಂಟ್, ಅಷ್ಟಕ್ಕೇ ಹೋಗುತ್ತಿತ್ತು.

ಹಾಗಾಗಿ ಮೊದಲು ಎಸಿ ಆಫ್. ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ. ನಿಲ್ಲಿಸಲು ಜಾಗ ಸಿಗುವವರೆಗೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಮೇ ತಿಂಗಳಲ್ಲಿ ಹೀಟರ್ ಅಂದರೆ ಮನೆಯವರು ಬೈಯುತ್ತಾರೆ, ಬೈಯಲಿ. ಡ್ಯಾಶ್‌ಬೋರ್ಡ್ ಒಳಗಿರುವ ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್, ಇಂಜಿನ್‌ನ ಬಿಸಿಯನ್ನೇ ಅದು ಒಳಗೆ ತಳ್ಳುವುದು. ನಿಲ್ಲಿಸಿದ ಮೇಲೆ ಇಂಜಿನ್ ಆಫ್ ಮಾಡಿ. ಹಬೆ ಬರುತ್ತಿದ್ದರೆ ಅದು ನಿಲ್ಲುವವರೆಗೆ ಬಾನೆಟ್ ಎತ್ತಬೇಡಿ.

ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ದಪ್ಪ ಪೈಪ್ ಕೈಗೆ ಬಿಸಿ ತಾಗದಂತಾಗಿ, ಒತ್ತಿದರೆ ಮೆತ್ತಗಿದ್ದರೆ ಒಳಗೆ ಒತ್ತಡ ಇಳಿದಿದೆ ಅಂತ. ಕಾದ ಇಂಜಿನ್ ಮೇಲೆ ತಣ್ಣೀರು ಎರಚಬೇಡಿ, ಒಳಗೂ ಸುರಿಯಬೇಡಿ. ಕಾದ ಹೆಂಚಿಗೆ ನೀರು ಚಿಮುಕಿಸಿದಾಗ ಏನಾಗುತ್ತೆ ಗೊತ್ತಲ್ಲ, ಇಲ್ಲಿ ಬಿರುಕು ಬಿಡುವುದು ಲೋಹ.

ಎಲ್ಲೂ ಸೋರ್ತಿಲ್ಲ, ಆದ್ರೂ ಕೂಲೆಂಟ್ ಕಡಿಮೆ ಆಗ್ತಿದೆ.

ಕಾರಿನೊಳಗೆ ಕಾಲಿಡುವ ಮ್ಯಾಟ್ ಎತ್ತಿ ನೋಡಿ. ಒದ್ದೆಯಿದ್ದು ಸಿಹಿ ವಾಸನೆ ಬಂದರೆ ಹೀಟರ್ ಸೋರುತ್ತಿದೆ. ನೀರಿನ ಪಂಪ್ ಹತ್ತಿರ ಬಣ್ಣದ ಒಣ ಕಲೆ ಇದೆಯಾ ನೋಡಿ. ಇವೆರಡೂ ಇಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಇಂಜಿನ್‌ಗೂ ನಡುವಿನ ಪದರ) ಮೇಲೆ ಅನುಮಾನ ಬರುತ್ತದೆ. ಇಂಜಿನ್ ಪೂರ್ತಿ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ, ಆಯಿಲ್ ಕಡ್ಡಿಯಲ್ಲಿ ಹಾಲು ಹಾಕಿದ ಕಾಫಿಯ ಬಣ್ಣ, ಕೂಲೆಂಟ್ ಡಬ್ಬದಲ್ಲಿ ಬಿಡದೆ ಗುಳ್ಳೆ: ಇವುಗಳಲ್ಲಿ ಯಾವುದು ಕಂಡರೂ ಗಾಡಿ ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ಸಿಎನ್‌ಜಿ ಹಾಕಿಸಿದರೆ ಇಂಜಿನ್ ಬಿಸಿ ಜಾಸ್ತಿ ಆಗುತ್ತಾ?

ಕೂಲೆಂಟ್ ಅಂಕಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಬಾರದು, ಥರ್ಮೋಸ್ಟಾಟ್ ಅದೇ, ಫ್ಯಾನ್ ಅದೇ. ಆದರೆ ಗ್ಯಾಸ್ ರೆಡ್ಯೂಸರ್ (ಗ್ಯಾಸಿನ ಒತ್ತಡ ಇಳಿಸುವ ಭಾಗ) ಬೆಚ್ಚಗಿರಲಿ ಅಂತ ಕೂಲೆಂಟ್ ಪೈಪಿನಿಂದಲೇ ಕವಲು ತೆಗೆದಿರುತ್ತಾರೆ. ಕಿಟ್ ಹಾಕಿಸಿದ ಮೇಲೆ ಆ ಹೊಸ ಜಾಯಿಂಟ್‌ಗಳಲ್ಲಿ ಸೋರಿಕೆ ಇದೆಯಾ ಅಂತ ಒಂದು ವಾರ ನೋಡುತ್ತಿರಿ.

ಕೂಲೆಂಟ್ ಬದಲಿಸಿದ ಮೇಲೆ ಮುಳ್ಳು ಹುಚ್ಚುಹುಚ್ಚಾಗಿ ಏರಿ ಇಳೀತಿದೆ.

ಒಳಗೆ ಗಾಳಿ ಸಿಕ್ಕಿಕೊಂಡಿದೆ. ಗಾಳಿ ತೆಗೆದು ಮತ್ತೆ ತುಂಬಿಸಬೇಕು. ಬದಲಿಸಿದ ಕಡೆಗೇ ವಾಪಸ್ ಹೋಗಿ, ಅದು ಅವರ ಕೆಲಸ.

ಗಾಡಿ ಆಫ್ ಮಾಡಿದ ಮೇಲೂ ಫ್ಯಾನ್ ತಿರುಗ್ತಿರುತ್ತೆ. ಬ್ಯಾಟರಿ ಹೋಗಲ್ವಾ?

ಕೆಲವು ಕಾರುಗಳಲ್ಲಿ ಹಾಗೆ ಮಾಡಿರುತ್ತಾರೆ. ಕೆಲವು ನಿಮಿಷದಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ರಿಲೇ ಅಂಟಿಕೊಂಡಿದೆ.

ತೆಗೆದ ಹಳೇ ಕೂಲೆಂಟ್ ಚರಂಡಿಗೆ ಸುರಿಯಬಹುದಾ?

ಬೇಡ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಸ್ವಲ್ಪದಕ್ಕೇ ಮೂತ್ರಪಿಂಡ ಹೋಗಿ ಸಾಯುತ್ತವೆ. ಮಕ್ಕಳ ಕೈಗೂ ಸಿಗಬಾರದು. ಕೆಳಗೆ ಚೆಲ್ಲಿದ್ದರೆ ಜಾಸ್ತಿ ನೀರು ಹಾಕಿ ತೊಳೆಯಿರಿ. ನಾನು ಹಳೆಯದನ್ನು ಕೂಲೆಂಟ್ ಬಂದ ಡಬ್ಬದಲ್ಲೇ ತುಂಬಿ, ಮುಚ್ಚಳ ಬಿಗಿದು, ಮೇಲೆ 'ವಿಷ' ಅಂತ ಮಾರ್ಕರ್‌ನಲ್ಲಿ ಬರೆದು ಗ್ಯಾರೇಜಿಗೆ ವಾಪಸ್ ಕೊಡುತ್ತೇನೆ. ಅವರು ಆಯಿಲ್ ಡ್ರಮ್ಮಿನ ಪಕ್ಕ ಬೇರೆಯಾಗಿ ಇಟ್ಟುಕೊಳ್ಳುತ್ತಾರೆ.